ಕಡಲ ವಿಜ್ಞಾನ ಸಮ್ಮೇಳನದ ಸಂಘಟಕರಿಗೊಂದು ಬಹಿರಂಗ ಪತ್ರ: ಪ್ರವಾಸದ ಬಸ್ಸು ಬೆಳಗಿನ ಜಾವ ದಕ್ಕೆಗೆ ಬರಲಿ

ಮಾನ್ಯರೇ,

ಮಂಗಳೂರು, ಉಡುಪಿ, ಕಾರವಾರದ ಕಡೆ ಸಾಗರ ವಿಜ್ಞಾನದ್ದೋ ಮೀನುಗಾರಿಕಾ ವಿಜ್ಞಾನದ್ದೋ ಸಮ್ಮೇಳನ ನಡೆಸುವ ಎಲ್ಲ ಸಂಘಟನಾ ಸಮಿತಿಗಳಿಗೆ ಈ ಪತ್ರ ಬರೆಯುತ್ತಿದ್ದೇನೆ. ಗೋಷ್ಠಿಗಳ ಬಗ್ಗೆ ನನ್ನ ತಕರಾರೇನಿಲ್ಲ. ನನ್ನ ಮಾತು ಕಾರ್ಯಕ್ರಮ ಪಟ್ಟಿಯ ತುದಿಗೆ ಬರುವ ಎರಡು ಸಾಲುಗಳ ಬಗ್ಗೆ. ಒಂದು, ಸಂಜೆಯ ಸಾಂಸ್ಕೃತಿಕ ಕಾರ್ಯಕ್ರಮ ಮತ್ತು ಭೋಜನ. ಇನ್ನೊಂದು, ಕಡೆಯ ದಿನದ ಸ್ಥಳೀಯ ಪ್ರವಾಸ. ಇವೆರಡನ್ನೂ ನೀವು ಅತಿಥಿಗಳ ದಣಿವಾರಿಸುವ ಏರ್ಪಾಡು ಎಂದು ನೋಡುತ್ತೀರಿ. ಹೋಟೆಲಿನವರಿಗೂ ಟ್ರಾವೆಲ್ಸ್‌ನವರಿಗೂ ವಹಿಸಿ ಕೈತೊಳೆದುಕೊಳ್ಳುತ್ತೀರಿ. ಆದರೆ ಮೂರು ದಿನ ಕಡಲಿನ ಬಗ್ಗೆ ಮಾತಾಡಿದ ವಿಜ್ಞಾನಿಗಳಿಗೆ ನಮ್ಮ ಕಡಲಿನ ಜನರ ಮುಖ ಕಾಣುವ ಅವಕಾಶ ಇರುವುದು ಈ ಎರಡು ಸಾಲುಗಳಲ್ಲಿ ಮಾತ್ರ.

ನಾನು ಮಲ್ಪೆ ಕಡೆಯ ಮೀನುಗಾರರ ಮನೆಯವಳು. ಕಡಲ ಜೀವಶಾಸ್ತ್ರ ಓದಿದವಳು. ಓದುವಾಗ ಇಂಥ ಸಮ್ಮೇಳನಗಳಲ್ಲಿ ಸ್ವಯಂಸೇವಕಿಯಾಗಿ ಬ್ಯಾಗು ಹಂಚಿದ್ದೇನೆ, ಬಸ್ಸಿನ ಬಾಗಿಲಲ್ಲಿ ನಿಂತು ತಲೆ ಎಣಿಸಿದ್ದೇನೆ. ಹಾಗಾಗಿ ಎರಡೂ ಕಡೆಯಿಂದ ನೋಡಿದ ಮಾತು ಇದು.

ಒಮ್ಮೆ ಪ್ರವಾಸದ ಬಸ್ಸು ಮೀನುಗಾರಿಕಾ ಬಂದರಿಗೆ ಬಂದದ್ದು ಹತ್ತೂವರೆಗೆ. ಹೋಟೆಲಿನ ತಿಂಡಿ ಮುಗಿಸಿ, ಗುಂಪು ಫೋಟೋ ತೆಗೆದು ಹೊರಡುವಷ್ಟರಲ್ಲಿ ಬಿಸಿಲೇರಿತ್ತು. ಬೋಟಿನಿಂದ ಮೀನು ಇಳಿಸುವ ದಕ್ಕೆಯಲ್ಲಿ ಆ ಹೊತ್ತಿಗೆ ಏನಿರುತ್ತದೆ? ಏಲಂ ಮುಗಿದಿತ್ತು. ಪೈಪು ಹಿಡಿದು ನೆಲ ತೊಳೆಯುತ್ತಿದ್ದರು. ಖಾಲಿ ಬುಟ್ಟಿಗಳು, ಕಾಗೆ, ಹದ್ದು, ನಿಂತ ಲಾರಿಗಳು. ಅತಿಥಿಗಳು ಮೂಗಿಗೆ ಕರವಸ್ತ್ರ ಹಿಡಿದು, ಬೋಟುಗಳ ಸಾಲಿನೆದುರು ಫೋಟೋ ತೆಗೆಸಿಕೊಂಡು ಬಸ್ಸು ಹತ್ತಿದರು. ಹೊರಗಿನಿಂದ ಬಂದ ಒಬ್ಬ ವಿಜ್ಞಾನಿ ಮಾತ್ರ ಒಂದು ಮೂಲೆಯಲ್ಲಿ ಗುಡ್ಡೆ ಹಾಕಿದ್ದ ಬೆರಳುದ್ದದ ಮೀನುಗಳ ಹತ್ತಿರ ನಿಂತು, ಇದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಪಕ್ಕದಲ್ಲಿ ಒಣಮೀನು ಆರಿಸುತ್ತಿದ್ದ ಹೆಂಗಸಿಗೆ ನಾನು ತುಳುವಿನಲ್ಲಿ ಕೇಳಿದೆ. ಮೀನು ಪುಡಿ ಮಾಡುವ ಫಿಶ್‌ಮೀಲ್ ಫ್ಯಾಕ್ಟರಿಗೆ, ಎಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅದರೊಳಗೆ ಕೈ ಹಾಕಿ ಒಂದೊಂದನ್ನೇ ಎತ್ತಿ, ಇದು ಬಂಗುಡೆ ಮರಿ, ಇದು ನಂಗು, ಇದು ದೊಡ್ಡದಾಗಿದ್ದರೆ ನನ್ನ ಬುಟ್ಟಿಗೆ ಬರುತ್ತಿತ್ತು, ಹಿಂದೆ ಇಷ್ಟು ಸಣ್ಣದನ್ನು ದಡಕ್ಕೆ ತರುತ್ತಿರಲಿಲ್ಲ, ಎಂದು ಹೇಳುತ್ತಾ ಹೋದರು. ಮರಿಮೀನು ಹಿಡಿಯುವುದರ ಆರ್ಥಿಕ ನಷ್ಟ ಎಂಬ ವಿಷಯದ ಮೇಲೆ ಹಿಂದಿನ ದಿನ ಸಭಾಂಗಣದಲ್ಲಿ ಒಂದಿಡೀ ಗೋಷ್ಠಿ ನಡೆದಿತ್ತು. ಆ ನಷ್ಟ ಅನುಭವಿಸುವ ವ್ಯಕ್ತಿ ಇಲ್ಲಿ ಸಿಕ್ಕಿದ್ದರು. ಚಾಲಕ ಹಾರ್ನ್ ಹೊಡೆದ. ಮುಂದಿನ ನಿಲ್ದಾಣ ದೇವಸ್ಥಾನ, ಆಮೇಲೆ ಬೀಚು, ಆಮೇಲೆ ಗೋಡಂಬಿ ಅಂಗಡಿ.

ಚಾಲಕನ ತಪ್ಪೇನೂ ಇಲ್ಲ, ಅವನ ಕೈಗೆ ಕೊಟ್ಟ ಪಟ್ಟಿಯೇ ಹಾಗಿತ್ತು. ಪಟ್ಟಿ ಬರೆದವರಿಗೆ ದಕ್ಕೆಯ ಗಡಿಯಾರ ಗೊತ್ತಿರಲಿಲ್ಲ.

ಅದನ್ನು ಹೇಳುತ್ತೇನೆ. ಬೆಳಕು ಹರಿಯುವ ಮೊದಲೇ ದಕ್ಕೆ ಎಚ್ಚರವಾಗಿರುತ್ತದೆ. ಎಂಟು ಹತ್ತು ದಿನ ಆಳಸಮುದ್ರದಲ್ಲಿದ್ದ ಟ್ರಾಲ್ ಬೋಟುಗಳ ಹೊಟ್ಟೆಯಿಂದ ಐಸಿನೊಳಗಿನ ಮೀನು ಮೇಲೆ ಬರುತ್ತದೆ. ಜಾತಿ ಜಾತಿ ಬೇರೆ ಮಾಡುವ ಕೈಗಳ ವೇಗ ನೋಡಬೇಕು. ಅಂಜಲ್ ಒಂದು ಕಡೆ, ಮಾಂಜಿ ಒಂದು ಕಡೆ, ಬೊಂಡಾಸ್ ಬೇರೆ, ಸಿಗಡಿ ಬೇರೆ. ವರ್ಗೀಕರಣ ಶಾಸ್ತ್ರ ಕಲಿಯುವ ವಿದ್ಯಾರ್ಥಿ ರೆಕ್ಕೆಯ ಮುಳ್ಳು ಎಣಿಸಿ ಹೇಳುವುದನ್ನು ಇಲ್ಲಿ ಮಬ್ಬುಗತ್ತಲಲ್ಲಿ ಮುಟ್ಟಿ ಹೇಳುತ್ತಾರೆ. ಏಲಂ ಕೂಗುವವನ ಸುತ್ತ ಹೆಂಗಸರು ನಿಂತಿರುತ್ತಾರೆ. ಇಡೀ ಊರಿಗೆ ಮೀನು ಮುಟ್ಟಿಸುವವರು ಅವರು. ಈವತ್ತು ಬಂಗುಡೆ ಎಷ್ಟು ಬಂತು, ಯಾವ ಗಾತ್ರದ್ದು ಬಂತು, ಹೊಟ್ಟೆಯಲ್ಲಿ ಮೊಟ್ಟೆ ಇದೆಯೇ, ಕಳೆದ ವರ್ಷ ಈ ಹೊತ್ತಿಗೆ ಹೇಗಿತ್ತು, ಎಲ್ಲ ಅವರಿಗೆ ಬಾಯಿಪಾಠ. ಬೋಟಿನಲ್ಲಿ ದುಡಿಯುವ ಕಲಾಸಿಗಳಲ್ಲಿ ಉತ್ತರ ಕನ್ನಡದವರಿದ್ದಾರೆ, ಆಂಧ್ರ, ಒಡಿಶಾ, ಜಾರ್ಖಂಡ್‌ನಿಂದ ಬಂದವರಿದ್ದಾರೆ. ಸಮುದ್ರವನ್ನೇ ನೋಡದ ಊರಿನ ಹುಡುಗರು ನಮ್ಮ ಕಡಲಿನಲ್ಲಿ ಬಲೆ ಎಳೆಯುತ್ತಿರುವುದರ ಹಿಂದೆ ಎಷ್ಟೊಂದು ಸಂಶೋಧನೆಗೆ ವಿಷಯವಿದೆ!

ಹಾಗಾಗಿ ಮೊದಲ ಬೇಡಿಕೆ: ದಕ್ಕೆಗೆ ಬರುವುದಾದರೆ ಬೆಳಗಿನ ಐದಕ್ಕೆ ಬನ್ನಿ. ದೊಡ್ಡ ಬಸ್ಸು ಬೇಡ, ಹತ್ತು ಹದಿನೈದು ಜನರ ತಂಡಗಳಾಗಿ ಬನ್ನಿ. ಪ್ರತಿ ತಂಡದೊಂದಿಗೆ ತುಳುವೋ ಕೊಂಕಣಿಯೋ ಕನ್ನಡವೋ ಬಲ್ಲ ಒಬ್ಬ ವಿದ್ಯಾರ್ಥಿ ಇರಲಿ. ಕೆಲಸದ ದಾರಿಗೆ ಅಡ್ಡ ನಿಲ್ಲಬೇಡಿ, ಮುಖದ ಮೇಲೆ ಕ್ಯಾಮರಾ ಹಿಡಿಯುವ ಮೊದಲು ಕೇಳಿ. ಏಲಂ ಮುಗಿದ ಮೇಲೆ ಅಲ್ಲೇ ಪಕ್ಕದ ಶೆಡ್ಡಿನಲ್ಲಿ ಚಹಾ ಕುಡಿಯುತ್ತಾ ಒಂದು ಗಂಟೆ ಮಾತಿಗೆ ಕೂತರೆ, ಅದಕ್ಕಿಂತ ದೊಡ್ಡ ಗೋಷ್ಠಿ ಇಲ್ಲ. ಅಂದು ಕೆಲಸ ಬಿಟ್ಟು ಕೂತವರಿಗೆ ದಿನದ ಸಂಬಳ ಕೊಡಿ. ನಿಮ್ಮ ಮುಖ್ಯ ಭಾಷಣಕಾರರಿಗೆ ವಿಮಾನದ ಟಿಕೆಟು ಕೊಡುತ್ತೀರಿ, ಗೌರವಧನ ಕೊಡುತ್ತೀರಿ. ಬೋಟು ನಡೆಸುವ ತಾಂಡೇಲನಿಗೆ ಶಾಲು ಹೊದಿಸಿ ಕಳಿಸಿದರೆ ಅವನ ಮನೆಯ ಒಲೆ ಉರಿಯುವುದಿಲ್ಲ.

ಮಾತಾಡಲು ಏನಿದೆ ಎಂದು ಕೇಳುವವರಿದ್ದರೆ ಹೇಳುತ್ತೇನೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದಿಂದ ಸಮುದ್ರದ ಮೇಲ್ಮೈ ಬಿಸಿಯನ್ನೂ ಕ್ಲೋರೋಫಿಲ್ ಅಂಶವನ್ನೂ ಅಳೆದು ಮೀನು ಸಿಗಬಹುದಾದ ಜಾಗಗಳ ಸೂಚನೆ ಕಳಿಸುತ್ತದೆ. ಆ ಸೂಚನೆ ನಮ್ಮ ಬೋಟಿನವರ ಕೈಗೆ ಯಾವ ಹೊತ್ತಿಗೆ ತಲುಪುತ್ತದೆ, ಅದನ್ನು ನಂಬಿ ಹೋದವರಿಗೆ ಡೀಸೆಲ್ ಖರ್ಚು ಹುಟ್ಟಿತೇ ಎಂದು ತಾಂಡೇಲನನ್ನೇ ಕೇಳಬಹುದು. ಮುಂಗಾರಿನಲ್ಲಿ ತಳದಿಂದ ಮೇಲೆದ್ದು ಬರುವ, ಆಮ್ಲಜನಕ ತೀರಾ ಕಡಿಮೆ ಇರುವ ನೀರಿನ ಬಗ್ಗೆ ಗೋವಾದ ವಿಜ್ಞಾನಿಗಳು ದಶಕಗಳಿಂದ ಬರೆಯುತ್ತಿದ್ದಾರೆ. ಆಗಸ್ಟಿನಲ್ಲಿ ಬೋಟು ಇಳಿಸಿದಾಗ ಎಷ್ಟು ಮಾರು ಆಳದಲ್ಲಿ ಬಲೆ ಖಾಲಿ ಬಂತು, ಎಷ್ಟು ಮಾರಿನಲ್ಲಿ ತುಂಬಿತು ಎಂಬುದು ಬಲೆ ಹಾಕಿದವರ ನೆನಪಿನಲ್ಲಿರುತ್ತದೆ. 2017ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ, ದೀಪ ಹಾಕಿ ಮೀನು ಸೆಳೆಯುವ ಬೆಳಕಿನ ಮೀನುಗಾರಿಕೆ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್‌ಟ್ರಾಲ್ ಬಗ್ಗೆ ನಾಡದೋಣಿಯವರ ಸಿಟ್ಟನ್ನೂ ಕೇಳಿ, ಬೋಟಿನವರ ವಾದವನ್ನೂ ಕೇಳಿ. ಬೂತಾಯಿ ಮೀನು ಒಂದು ವರ್ಷ ರಾಶಿ ಬಿದ್ದು ಇನ್ನೊಂದು ವರ್ಷ ಮಾಯವಾಗುವುದನ್ನು ನೀವು ಪೆಸಿಫಿಕ್ ಸಾಗರ ಬಿಸಿಯಾಗುವ ಎಲ್ ನಿನೊ ಹಿಡಿದು ವಿವರಿಸುತ್ತೀರಿ. ಅದನ್ನು ಅವರಿಗೂ ವಿವರಿಸಿ, ಅವರ ಭಾಷೆಯಲ್ಲಿ. ಅವರಿಗದು ಬೇಕಾಗಿದೆ.

ಇನ್ನೊಂದು ವಿಷಯ ನಮ್ಮೂರಿನವರ ಎದೆಯಲ್ಲಿ ಹಾಗೇ ಇದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಅವಶೇಷ ಸಿಕ್ಕಿದ್ದು ತಿಂಗಳುಗಳ ನಂತರ, 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ ಕರಾವಳಿಯಾಚೆ ಸಮುದ್ರದ ತಳದಲ್ಲಿ. ಆ ಏಳು ಮಂದಿ ವಾಪಸಾಗಲಿಲ್ಲ. ಬೋಟುಗಳ ಜಾಡು ಹಿಡಿಯುವ ಸಾಧನ, ಚಂಡಮಾರುತದ ಮುನ್ಸೂಚನೆ, ದೂರ ಸಮುದ್ರದಲ್ಲಿ ಸಂಪರ್ಕ ಎಂಬ ವಿಷಯಗಳ ಮೇಲೆ ಪ್ರಬಂಧ ಮಂಡಿಸುವವರು ಮಲ್ಪೆಗೆ ಬಂದು ಬೀಚಿನಲ್ಲಿ ಸೂರ್ಯಾಸ್ತವನ್ನಷ್ಟೇ ನೋಡಿ ಹೋಗುವುದು ನನಗೆ ಸಹಿಸಲಾಗದ ಸಂಗತಿ.

ಸೇಂಟ್ ಮೇರೀಸ್ ದ್ವೀಪದ ಬಗ್ಗೆಯೂ ಹೇಳಬೇಕು, ಯಾಕೆಂದರೆ ಬಹುತೇಕ ಎಲ್ಲ ಪ್ರವಾಸ ಪಟ್ಟಿಗಳಲ್ಲೂ ಅದಿರುತ್ತದೆ. ತೋನ್ಸೆಪಾರ್ ಎಂದೂ ತೆಂಗಿನ ದ್ವೀಪ ಎಂದೂ ಅದಕ್ಕೆ ಹೆಸರಿದೆ. ಅಲ್ಲಿ ಕಂಬ ಕಂಬವಾಗಿ ನಿಂತ ಕಲ್ಲು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುವ ಕಾಲದಲ್ಲಿ ಹರಿದ ಲಾವಾ ತಣಿದು ಆದದ್ದು. ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಅತಿಥಿಗಳನ್ನು ಅಲ್ಲಿಗೆ ಕರೆದೊಯ್ಯಿರಿ, ಸಂತೋಷ. ಆದರೆ ಕಲ್ಲಿನ ಕಥೆ ಹೇಳಬಲ್ಲ ಭೂವಿಜ್ಞಾನದ ಮೇಷ್ಟರೊಬ್ಬರು ಜೊತೆಗಿರಲಿ. ಬಂಡೆಯ ನೀರುಗುಂಡಿಗಳಲ್ಲಿ ಕಲ್ಲು ಮಗುಚಿ ನೋಡಿದರೆ ಮತ್ತೆ ಇದ್ದ ಹಾಗೇ ಇಡುವ ಶಿಸ್ತು ವಿಜ್ಞಾನಿಗಳಿಗೆ ಹೇಳಿಕೊಡಬೇಕಾಗಿ ಬರಬಾರದು. ಬರುತ್ತದೆ, ನಾನು ಕಂಡಿದ್ದೇನೆ. ಚಿಪ್ಪು, ಹವಳದ ತುಂಡು ಜೇಬಿಗಿಳಿಸುವುದು ಬೇಡ. ಹವಳ, ಕಡಲಕುದುರೆ, ಕಡಲಸೌತೆ ಇವೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ವಿದೇಶಿ ಅತಿಥಿಗಳು ಸಂಶೋಧನೆಗೆಂದು ಮಾದರಿ ಒಯ್ಯಬೇಕಿದ್ದರೆ 2002ರ ಜೀವವೈವಿಧ್ಯ ಕಾಯ್ದೆಯಡಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. ಇದನ್ನು ನೋಂದಣಿಯ ದಿನವೇ ಒಂದು ಚೀಟಿಯಲ್ಲಿ ಬರೆದುಕೊಡಿ. ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದಲ್ಲಿ ಡೈವಿಂಗ್ ಮಾಡುವವರಿಗೂ ಇದೇ ಮಾತು.

ಇಷ್ಟಾದರೂ ನನ್ನ ಕೈಗೆ ಒಂದೇ ಒಂದು ಜಾಗ ಆರಿಸಲು ಕೊಟ್ಟರೆ ನಾನು ಅಘನಾಶಿನಿಯ ಅಳಿವೆಯನ್ನು ಆರಿಸುತ್ತೇನೆ. ಶಿರಸಿಯಲ್ಲಿ ಹುಟ್ಟಿ, ಒಂದು ಅಣೆಕಟ್ಟೂ ಇಲ್ಲದೆ ಕುಮಟಾ ಬಳಿ ಕಡಲು ಸೇರುವ ಹೊಳೆ ಅದು. ಅಳಿವೆ 2024ರಲ್ಲಿ ಜೌಗುಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿ ಸೇರಿತು. ಇಳಿತದ ಹೊತ್ತಿಗೆ ಅಲ್ಲಿ ಹೋಗಿ ನಿಂತರೆ, ಮೊಣಕಾಲಿನಿಂದ ಸೊಂಟದವರೆಗಿನ ನೀರಿನಲ್ಲಿ ಹೆಂಗಸರು ಗಂಡಸರು ಬಗ್ಗಿ ಬಳಚು ಎಂಬ ಚಿಪ್ಪುಜೀವಿ ಹೆಕ್ಕುತ್ತಿರುತ್ತಾರೆ. ಕಣ್ಣಿಗೆ ಏನೂ ಕಾಣದ ಕೆಸರಿನಲ್ಲಿ ಪಾದವೇ ಹುಡುಕುತ್ತದೆ. ಹೆಬ್ಬೆರಳಿಗೆ ಚಿಪ್ಪು ತಾಗಿದ್ದೇ ಕೈ ಕೆಳಗಿಳಿಯುತ್ತದೆ, ಬೆರಳುಗಳಲ್ಲೇ ಗಾತ್ರ ಅಳೆದು ಸಣ್ಣದಾದರೆ ಅಲ್ಲೇ ಬಿಡುತ್ತಾರೆ, ದೊಡ್ಡದಾದರೆ ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುತ್ತಾರೆ. ಎಲ್ಲರೂ ಸಣ್ಣದನ್ನು ಬಿಡುವುದಿಲ್ಲ, ಅದೂ ನಿಜ. ಅತಿಯಾಗಿ ಬಗೆದು ಬಳಚು ಕಡಿಮೆಯಾದದ್ದನ್ನು ಅಲ್ಲಿನವರೇ ಹೇಳುತ್ತಾರೆ. ಅಳಿವೆಯ ಅಂಚಿನ ಗಜನಿ ಗದ್ದೆಗಳಲ್ಲಿ ಉಪ್ಪು ನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ, ಭತ್ತ ಕೊಯ್ದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಪಕ್ಕದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಸಮುದ್ರ ಮಟ್ಟ ಏರಿದರೆ ಬೆಳೆ ಯಾವುದು, ಜೌಗು ಉಳಿಸುವ ಬಗೆ ಹೇಗೆ ಎಂದು ತಲೆ ಕೆಡಿಸಿಕೊಂಡವರು ಮಾಣಿಕಟ್ಟಾದ ಕಗ್ಗದ ಗದ್ದೆಯ ಬದುವಿನ ಮೇಲೆ ಅರ್ಧ ದಿನ ನಡೆದರೆ, ಮುಂದಿನ ಸಂಶೋಧನೆಯ ಪ್ರಶ್ನೆಯೇ ಬದಲಾದೀತು.

ಆದರೆ ಇದಕ್ಕೆ ಟ್ರಾವೆಲ್ಸ್‌ನವರ ಸಮಯ ನಡೆಯುವುದಿಲ್ಲ. ಉಬ್ಬರ ಇಳಿತ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಇಳಿಯುತ್ತದೆ. ಸರ್ವೆ ಆಫ್ ಇಂಡಿಯಾದ ಉಬ್ಬರವಿಳಿತದ ಕೋಷ್ಟಕ ಒಂದು ವರ್ಷ ಮೊದಲೇ ಸಿಗುತ್ತದೆ. ಕಡಲ ವಿಜ್ಞಾನಿಗಳ ಪ್ರವಾಸಕ್ಕೆ ದಿನ ಗೊತ್ತು ಮಾಡುವಾಗ ಆ ಕೋಷ್ಟಕವನ್ನು ಯಾರೂ ತೆರೆಯದಿದ್ದರೆ ಅದು ನಾಚಿಕೆಯ ವಿಷಯ. ಹಾಗೇ ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ದಕ್ಕೆ ತೋರಿಸುತ್ತೇವೆ ಎಂದು ಹೊರಡಬೇಡಿ. ಆ ದಿನಗಳಲ್ಲಿ ಬಂದರೆ ದಡದಲ್ಲಿ ಕೂತು ಬಲೆ ಹೆಣೆಯುವವರು ಸಿಗುತ್ತಾರೆ, ಪುರುಸೊತ್ತಾಗಿ ಮಾತಿಗೂ ಸಿಗುತ್ತಾರೆ. ರಂಪಣಿಯ ಕಾಲ ಕಂಡ ಹಿರಿಯರು ಇನ್ನೂ ಇದ್ದಾರೆ. ಊರಿನ ಹತ್ತಾರು ಜನ ಸೇರಿ ಒಂದೇ ಬಲೆ ದಡಕ್ಕೆಳೆದು ಪಾಲು ಹಂಚಿಕೊಳ್ಳುತ್ತಿದ್ದ ಬಗೆ, 1970ರ ದಶಕದ ನಡುವಿನಲ್ಲಿ ಮೀನಿನ ಗುಂಪನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸಿನ್ ಬೋಟು ಬಂದ ಮೇಲೆ ಆದ ಜಗಳ, ಆಮೇಲೆ ರಂಪಣಿಯವರೇ ಪರ್ಸಿನ್‌ಗೆ ಪಾಲುದಾರರಾದ ಕಥೆ, ಇವನ್ನೆಲ್ಲ ಕೇಳಿ ಬರೆದುಕೊಳ್ಳುವ ಕಾಲ ಹೆಚ್ಚಿಲ್ಲ.

ಇನ್ನು ಸಂಜೆಯ ಕಾರ್ಯಕ್ರಮ. ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ದೈವದ ಕೋಲವನ್ನು ಹೋಟೆಲಿನ ವೇದಿಕೆಗೆ ತರಬೇಡಿ. ಅಣಿ ಕಟ್ಟಿ, ಮುಖಕ್ಕೆ ಬಣ್ಣ ಹಚ್ಚಿ, ಸ್ಪೀಕರಿನಲ್ಲಿ ದೈವದ ಕಥೆಯ ಹಾಡಾದ ಪಾಡ್ದನ ಹಾಕಿ ಕುಣಿಸುವುದನ್ನು ಭೋಜನದ ಪ್ಲೇಟು ಹಿಡಿದು ನೋಡುವ ಹಾಗೆ ಮಾಡಬೇಡಿ. ನಲಿಕೆ, ಪಂಬದ, ಪರವ ಸಮುದಾಯದವರು ವ್ರತ ಹಿಡಿದು, ಎಣ್ಣೆ ಬೂಳ್ಯ ಪಡೆದು, ಆಯಾ ಸ್ಥಾನದಲ್ಲಿ ಕಟ್ಟುವ ನೇಮ ಅದು. ದೈವದ ಮುಂದೆ ನಿಂತು ತಮ್ಮ ಕಷ್ಟ ಹೇಳಿಕೊಂಡವರ ಊರಿನಲ್ಲಿ ಅದರ ನಕಲು ಮಾಡಿಸಿದರೆ ನೋವಾಗುತ್ತದೆ. ಈ ಮಾತು ಕರಾವಳಿಯ ತುಂಬ ಎಷ್ಟೋ ಸಲ ಕೇಳಿಬಂದಿದೆ, ಆದರೂ ಹೊರಗಿನಿಂದ ಬಂದ ಕಾರ್ಯಕ್ರಮ ನಿರ್ವಾಹಕರ ಕಿವಿಗೆ ಬಿದ್ದ ಹಾಗಿಲ್ಲ. ನೀವಾದರೂ ತಡೆಯಿರಿ.

ಯಕ್ಷಗಾನ ಇಟ್ಟುಕೊಳ್ಳಿ, ಆದರೆ ಇಪ್ಪತ್ತು ನಿಮಿಷದ ತುಣುಕಿಗೆ ಕಲಾವಿದರನ್ನು ಮೂರು ತಾಸು ಬಣ್ಣ ಹಚ್ಚಿಸಿ ಕೂರಿಸಬೇಡಿ. ನಿಮ್ಮ ಸಮ್ಮೇಳನಗಳು ಹೆಚ್ಚಾಗಿ ನಡೆಯುವುದು ನವೆಂಬರಿನಿಂದ ಫೆಬ್ರವರಿಯೊಳಗೆ. ಮೇಳಗಳ ತಿರುಗಾಟ ಪತ್ತನಾಜೆಯವರೆಗೂ, ಅಂದರೆ ಮೇ ಕೊನೆಯವರೆಗೂ ಇರುತ್ತದೆ. ಆ ದಿನಗಳಲ್ಲಿ ಹತ್ತಿರದ ಯಾವುದೋ ಒಂದು ಊರಿನ ಗದ್ದೆಯಲ್ಲಿ ಹರಕೆಯ ಬಯಲಾಟ ಇದ್ದೇ ಇರುತ್ತದೆ. ಟಿಕೆಟಿಲ್ಲ, ಆಹ್ವಾನ ಬೇಡ, ಬಂದವರಿಗೆಲ್ಲ ಊಟವೂ ಇರುತ್ತದೆ. ಈಗ ಹಲವು ಮೇಳಗಳು ಕಾಲಮಿತಿಯಲ್ಲಿ ಮಧ್ಯರಾತ್ರಿಯ ಹೊತ್ತಿಗೆ ಮುಗಿಸುತ್ತವೆ, ಮರುದಿನದ ಗೋಷ್ಠಿಗೆ ನಿದ್ದೆಗೇಡಾಗುವುದಿಲ್ಲ. ಪ್ರಸಂಗದ ಕಥೆಯನ್ನು ಒಂದು ಪುಟದಲ್ಲಿ ಬರೆದುಕೊಟ್ಟು ಕರೆದುಕೊಂಡು ಹೋಗಿ. ಚೆಂಡೆಯ ಮುಂದೆ ನೆಲದ ಮೇಲೆ ಊರಿನವರ ಜೊತೆ ಕೂತು ನೋಡಿದ ಆಟ ಅವರಿಗೆ ಹವಾನಿಯಂತ್ರಿತ ಸಭಾಂಗಣದಲ್ಲಿ ಸಿಗುವುದಿಲ್ಲ.

ಊಟದ ಬಗ್ಗೆ ಒಂದು ಮಾತು. ಸಾಗರ ವಿಜ್ಞಾನದ ಸಮ್ಮೇಳನದ ಭೋಜನದಲ್ಲಿ ಬಾಸಾ ಫಿಲೆ ಬಡಿಸಿದ್ದನ್ನು ನೋಡಿದ್ದೇನೆ. ಬಾಸಾ ಕಡಲಿನ ಮೀನಲ್ಲ. ವಿಯೆಟ್ನಾಮಿನ ಮೆಕಾಂಗ್ ನದಿಯ ಕಡೆ ಕೊಳಗಳಲ್ಲಿ ಸಾಕುವ ಸಿಹಿನೀರಿನ ಮೀನು. ಮುಳ್ಳಿಲ್ಲ, ವಾಸನೆಯಿಲ್ಲ ಎಂದು ಹೋಟೆಲಿನವರಿಗೆ ಇಷ್ಟ. ದಕ್ಕೆಯಿಂದ ಕೂಗಳತೆಯಲ್ಲಿರುವ ಹೋಟೆಲಿನಲ್ಲಿ ಅದನ್ನು ಬಡಿಸಿದರೆ ನಾವು ಏನು ಹೇಳೋಣ? ಬಂಗುಡೆ ಪುಳಿಮುಂಚಿ, ಕಾಣೆ, ಮರುವಾಯಿ ಪುಂಡಿ, ನೀರುದೋಸೆ, ಗಂಜಿಗೆ ಒಣಸಿಗಡಿ ಚಟ್ನಿ, ಇವನ್ನು ಮಾಡಿಕೊಡುವ ಮಹಿಳಾ ಸ್ವಸಹಾಯ ಸಂಘಗಳು ಊರೂರಲ್ಲಿವೆ. ಒಂದು ಹೊತ್ತಿನ ಊಟವನ್ನಾದರೂ ಅವರಿಗೆ ವಹಿಸಿ. ಯಾವ ಮೀನು, ಎಲ್ಲಿ ಹಿಡಿದದ್ದು, ಯಾವ ಬಲೆಯದ್ದು ಎಂದು ಪಾತ್ರೆಯ ಪಕ್ಕ ಬರೆದಿಡಿ. ಮರಿ ಮೀನು ಬಡಿಸಬೇಡಿ. ಮೀನು ತಿನ್ನದವರಿಗೆ ಪತ್ರೊಡೆಯಿದೆ, ಬಸಳೆಯಿದೆ. ಮೈಕ್ರೋಪ್ಲಾಸ್ಟಿಕ್ ಗೋಷ್ಠಿಯ ಮೇಜಿನ ಮೇಲಿನ ನೀರಿನ ಬಾಟಲಿಗಳ ವಿಷಯ ನಿಮಗೇ ಗೊತ್ತು, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೇಳಲೇಬೇಕಾದ ಇನ್ನೊಂದು ವಿಷಯ ಪ್ರವಾಸದ ಶುಲ್ಕ. ನೋಂದಣಿ ಶುಲ್ಕದ ಮೇಲೆ ಪ್ರವಾಸಕ್ಕೆ ಬೇರೆಯೇ ದುಡ್ಡು. ಫೆಲೋಶಿಪ್ ಆರು ತಿಂಗಳು ತಡವಾಗಿ ಬರುವ ಸಂಶೋಧನಾ ವಿದ್ಯಾರ್ಥಿಗಳು ಅದನ್ನು ಕಟ್ಟಲಾರರು. ಅವರು ಆ ದಿನ ಹಾಸ್ಟೆಲಿಗೆ ಹೋಗುತ್ತಾರೆ, ಇಲ್ಲವೇ ಸಭಾಂಗಣದ ಕುರ್ಚಿ ಜೋಡಿಸುತ್ತಾರೆ. ದೊಡ್ಡ ವಿಜ್ಞಾನಿಯೊಬ್ಬರ ಪಕ್ಕದ ಸೀಟಿನಲ್ಲಿ ಕೂತು ಎರಡು ತಾಸು ಮಾತಾಡಿದ್ದರಿಂದ ಪಿಎಚ್‌ಡಿಯ ದಾರಿಯೇ ತೆರೆದುಕೊಂಡವರು ನನ್ನ ಜೊತೆಯವರಲ್ಲೇ ಇದ್ದಾರೆ. ಅಂಥ ಸೀಟು ದುಡ್ಡಿದ್ದವರಿಗೆ ಮಾತ್ರ ಸಿಗಬಾರದು. ಪ್ರತಿ ಬಸ್ಸಿನಲ್ಲಿ ಮೂರನೆಯ ಒಂದು ಭಾಗ ಸೀಟನ್ನು ವಿದ್ಯಾರ್ಥಿಗಳಿಗೆ ಉಚಿತವಾಗಿ ಮೀಸಲಿಡಿ. ಅದರಲ್ಲೂ ಮೀನುಗಾರ ಕುಟುಂಬಗಳಿಂದ ಬಂದ ಮಕ್ಕಳಿಗೆ. ದುಭಾಷಿಗಳ ಕೆಲಸ ಮಾಡುವವರೂ ಅವರೇ ಆಗಲಿ, ಅದಕ್ಕೆ ಪ್ರಮಾಣಪತ್ರದ ಜೊತೆ ಸಂಭಾವನೆಯೂ ಇರಲಿ.

ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು ಮಂಗಳೂರಿನಲ್ಲಿ. ಕಾರವಾರದ ಕೋಡಿಬಾಗದಲ್ಲಿ ಕಡಲ ಜೀವಶಾಸ್ತ್ರ ವಿಭಾಗವಿದೆ, ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಇಲ್ಲಿವೆ. ದಕ್ಕೆಯ ಜನರಿಗೆ ಈ ಸಂಸ್ಥೆಗಳ ವಿಜ್ಞಾನಿಗಳ ಪರಿಚಯ ಇಲ್ಲವೆಂದಲ್ಲ. ಮೀನಿನ ಲೆಕ್ಕ ತೆಗೆದುಕೊಳ್ಳಲು ಪುಸ್ತಕ ಹಿಡಿದು ಬರುವವರನ್ನು ಅವರು ಹೆಸರು ಹಿಡಿದು ಕರೆಯುತ್ತಾರೆ. ಆ ಪರಿಚಯವನ್ನೇ ಹಿಡಿದು ಮುಂದಿನ ಸಮ್ಮೇಳನದ ಪ್ರವಾಸ ಉಪಸಮಿತಿಯನ್ನು ಮಾಡಿ. ಅದರಲ್ಲಿ ಹಸಿಮೀನು ಮಾರುವ ಮಹಿಳೆಯರ ಸಂಘದಿಂದ ಒಬ್ಬರು, ನಾಡದೋಣಿಯವರಿಂದ ಒಬ್ಬರು, ಆಳಸಮುದ್ರ ಬೋಟಿನವರಿಂದ ಒಬ್ಬರು, ಅಳಿವೆಯ ಬಳಚು ಹೆಕ್ಕುವವರಿಂದ ಒಬ್ಬರು ಇರಲಿ. ಎಲ್ಲಿಗೆ ಕರೆದೊಯ್ಯಬೇಕು, ಎಲ್ಲಿಗೆ ಬೇಡ, ಏನು ತೋರಿಸಬೇಕು ಎಂಬ ತೀರ್ಮಾನದಲ್ಲಿ ಅವರ ಮಾತು ನಡೆಯಲಿ. ಬರುವ ಅತಿಥಿಗಳನ್ನು ಅವರು ಏನು ಕೇಳಬೇಕೆಂದಿದ್ದಾರೋ ಅದನ್ನೂ ಮೊದಲೇ ಬರೆಸಿಕೊಂಡು ಅತಿಥಿಗಳಿಗೆ ಕಳಿಸಿ. ಕಡಲ್ಕೊರೆತಕ್ಕೆ ಹಾಕಿದ ಕಲ್ಲು ಪಕ್ಕದ ಊರನ್ನು ಯಾಕೆ ತಿನ್ನುತ್ತಿದೆ ಎಂದು ಉಳ್ಳಾಲದವರು ಕೇಳಿಯಾರು. ಆಮೆ ಮೊಟ್ಟೆಯಿಡುವ ದಡದಲ್ಲಿ ಬಂದರು ಬೇಕೇ ಎಂದು ಹೊನ್ನಾವರದ ಟೊಂಕದವರು ಕೇಳಿಯಾರು. ಉತ್ತರ ಇಲ್ಲದಿದ್ದರೆ ಇಲ್ಲ ಎನ್ನಿ, ಅವರು ಬೇಸರಿಸುವುದಿಲ್ಲ. ಕೇಳದೆ ಹೋದರೆ ಬೇಸರಿಸುತ್ತಾರೆ.

ಮುಂದಿನ ಸಮ್ಮೇಳನದ ದಿನಾಂಕ ಗೊತ್ತಾದ ಕೂಡಲೇ, ಕರಪತ್ರ ಅಚ್ಚಿಗೆ ಹೋಗುವ ಮೊದಲು, ದಯವಿಟ್ಟು ಈ ಉಪಸಮಿತಿಯನ್ನು ಕರೆಯಿರಿ. ಆ ವಾರದ ಇಳಿತದ ಹೊತ್ತು ನೋಡಿ ಹೇಳಲು, ಬಯಲಾಟ ಎಲ್ಲಿದೆ ಎಂದು ವಿಚಾರಿಸಲು, ತುಳು ಕೊಂಕಣಿ ಬಲ್ಲ ವಿದ್ಯಾರ್ಥಿಗಳನ್ನು ಹೊಂದಿಸಲು ನನ್ನಂಥ ಹಳೆಯ ವಿದ್ಯಾರ್ಥಿಗಳು ನಾಲ್ಕಾರು ಮಂದಿ ಸಿದ್ಧರಿದ್ದೇವೆ.

ಇಂತಿ,
ಮಲ್ಪೆ ಕಡೆಯ ಮೀನುಗಾರರ ಮನೆಯ ಮಗಳು, ಕಡಲ ಜೀವಶಾಸ್ತ್ರದ ಹಳೆಯ ವಿದ್ಯಾರ್ಥಿನಿ